ನೀರು ಆರುವ ಮುನ್ನ

ಜನವರಿ ೭, ಮಂಗಳವಾರ

ಬೆಳಿಗ್ಗೆ ಮೈನಸ್ ಇಪ್ಪತ್ತೆಂಟು. ಗಾಳಿ ಇಲ್ಲ. ಆಕಾಶ ತೊಳೆದಿಟ್ಟ ಹಾಗಿದೆ. ತೇವಾಂಶ ಗೊತ್ತಿಲ್ಲ, ಯಂತ್ರ ಕೆಟ್ಟಿದೆ.

ನಮ್ಮೂರು ಆತ್‌ಬಾಶಿಯ ಮೇಲಿನ ಬೆಟ್ಟದ ಹವಾಮಾನ ಠಾಣೆಯಲ್ಲಿ ಇಡೀ ನೌಕರಿ ಕಳೆದವಳು ನಾನು. ಠಾಣೆ ಮುಚ್ಚಿತು, ನಾನು ನಿವೃತ್ತಳಾದೆ. ಆದರೂ ಪೆನ್ನು ಹಿಡಿದರೆ ಮೊದಲು ಬರುವುದು ಹವೆಯೇ. ಇವತ್ತು ಬರೆಯಬೇಕಾದದ್ದು ಬೇರೆ ಇದೆ. ಅದಕ್ಕೇ ಸುತ್ತಿ ಬಳಸಿ ಹೋಗುತ್ತಿದ್ದೇನೆ.

ನಿನ್ನೆ ನಾರಿನ್ ಪಟ್ಟಣದ ಆಸ್ಪತ್ರೆಯಲ್ಲಿ ಸೊಸೆ ಬೆಗಾಯಿಮ್‌ಗೆ ಹೆರಿಗೆಯಾಯಿತು. ಹೆಣ್ಣು ಮಗು. ಮಗ ಎರ್ಮೆಕ್ ಫೋನಿನಲ್ಲಿ ಅಷ್ಟು ಹೇಳಿ ಇಟ್ಟುಬಿಟ್ಟ. ಅವನು ಅಷ್ಟಕ್ಕೇ ನಿಲ್ಲಿಸುವ ಜಾತಿಯವನಲ್ಲ. ಇವತ್ತು ಹೋಗಿ ನೋಡಿದ ಮೇಲೆ ಯಾಕೆಂದು ಗೊತ್ತಾಯಿತು.

ಮಗುವನ್ನು ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಅದರ ಮೈಮೇಲೆ ನೆತ್ತಿಯಿಂದ ಪಾದದವರೆಗೆ ಒಂದು ಪೊರೆ. ಮೊದಲ ಚಳಿಗೆ ಬಕೆಟ್ಟಿನ ನೀರಿನ ಮೇಲೆ ಕಟ್ಟುವ ತೆಳು ಮಂಜುಗಡ್ಡೆಯಂತೆ ಹೊಳೆಯುತ್ತದೆ. ಆ ಪೊರೆ ಬಿಗಿದು ರೆಪ್ಪೆಗಳನ್ನು ಹೊರಕ್ಕೆ ಎಳೆದಿದೆ, ತುಟಿಯನ್ನು ತೆರೆದಿಟ್ಟಿದೆ. ಭಯವಾಯಿತು. ಭಯವಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಆದರೆ ಕಣ್ಣು ಕೀಳಲೂ ಆಗಲಿಲ್ಲ. ಇಂಥದ್ದನ್ನು ಸುತ್ತಿಕೊಂಡು ಈ ಕೂಸು ಎಲ್ಲಿಂದ ಬಂತು ಎನ್ನಿಸಿತು.

ಡಾಕ್ಟರ್ ಸಲಿಮಾ ನನಗೆ ಮಗಳಾಗುವ ವಯಸ್ಸಿನವಳು, ಮಾತು ಮಾತ್ರ ನನ್ನ ಅತ್ತೆಯದ್ದು. ಪೊರೆ ತಾನಾಗಿ ಕಳಚುತ್ತದಂತೆ, ಯಾರೂ ಕೀಳಬಾರದಂತೆ. ಒಳಗಿನ ಚರ್ಮ ಬಹಳ ಒಣಗಿದ್ದು, ಬದುಕಿರುವಷ್ಟು ಕಾಲವೂ ಹಾಗೇ. "ಅಜ್ಜಿ, ಈ ಚರ್ಮಕ್ಕೆ ನೀರು ಹಿಡ್ಕೊಳ್ಳೋಕೆ ಬರಲ್ಲ. ಅದನ್ನ ನೀವೇ ಹಿಡಿದು ಕೊಡಬೇಕು" ಅಂದಳು.

ಪೆಟ್ಟಿಗೆಯ ಪಕ್ಕದಲ್ಲಿ ಒಳಗಿನ ತೇವಾಂಶ ತೋರಿಸುವ ಅಂಕಿ ಇತ್ತು. ಎಂಬತ್ತು. ನನ್ನ ಠಾಣೆಯಲ್ಲಿ ಚಳಿಗಾಲದಲ್ಲಿ ನಾನು ಅಂಥ ಅಂಕಿ ಕಂಡವಳಲ್ಲ. ಆ ಗಾಜಿನೊಳಗೆ ಬೇರೆಯದೇ ದೇಶವಿದೆ, ನಮ್ಮ ಮನೆಯ ಹುಡುಗಿ ಅಲ್ಲಿ ಒಬ್ಬಳೇ ಇದ್ದಾಳೆ. ಗಾಜಿನ ತೂತಿನಲ್ಲಿ ಕೈ ಹಾಕಲು ಹೋದೆ. ಡಾಕ್ಟರ್ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಬಿರುಕು, ಬಿರುಕಿನ ಅಂಚು ಗಟ್ಟಿ. ಈ ಕೈ ಮಗುವಿನ ಮೈಗೆ ಅರದ ಹಾಗೆ, ಮೊದಲು ಇದನ್ನು ಸರಿ ಮಾಡಿಕೊಳ್ಳಿ ಅಂದಳು.

ಹೊರಗೆ ಬಂದು ರೇಷ್ಮೆ ಸ್ಕಾರ್ಫ್ ಕಟ್ಟಿಕೊಳ್ಳುವಾಗ ಅದು ಎಂದಿನಂತೆ ಬೆರಳಿಗೆ ಸಿಕ್ಕಿ ಎಳೆ ಬಿಟ್ಟಿತು.

ಜನವರಿ ೧೦, ಶುಕ್ರವಾರ

ಮೈನಸ್ ಮೂವತ್ತೊಂದು. ತುಸು ಪಡುವಣ ಗಾಳಿ.

ಪಕ್ಕದ ಮನೆಯ ಬೂಬೂಶ್ ಬಂದಿದ್ದಳು. ಊರಿನ ಅರ್ಧ ಮಕ್ಕಳ ಹೊಕ್ಕುಳ ಬಳ್ಳಿ ಕತ್ತರಿಸಿದವಳು ಎಂಬ ಗತ್ತು ಅವಳದು. ಬಾಗಿಲಲ್ಲೇ ನಿಂತು, ಮಗುವಿಗೆ ತುರ್ಸುನ್ ಎಂದು ಹೆಸರಿಡಿ ಅಂದಳು. ಉಳಿಯಲಿ ಎಂದು ಬೇಡಿಕೊಳ್ಳುವ ಹೆಸರು ಅದು. ಹಿಂದೆಲ್ಲ ಮಕ್ಕಳು ನಿಲ್ಲದ ಮನೆಯಲ್ಲಿ ಇಡುತ್ತಿದ್ದರು. ಬೆಗಾಯಿಮ್‌ಗೆ ಫೋನಿನಲ್ಲಿ ಹೇಳಿದೆ. ನನ್ನ ಮಗಳ ಹೆಸರು ಯಾರ ಮುಂದೆಯೂ ಕೈ ಚಾಚಬಾರದು, ಅವಳು ನಾಜಿಕ್ ಅಂದಳು. ನಾಜೂಕಿನವಳು ಎಂದು. ಸೊಸೆಗೆ ಮಾತು ಕಡಿಮೆ, ಆಡಿದರೆ ಹೀಗೆ.

ಬೂಬೂಶ್‌ಳ ಇನ್ನೊಂದು ಮಾತು ಉಪ್ಪು. ಹುಟ್ಟಿದ ಕೂಸಿಗೆ ನಲವತ್ತು ದಿನ ಕಳೆಯುವವರೆಗೆ ಉಪ್ಪುನೀರಿನ ಸ್ನಾನ, ಮೇಲೆ ಕುರಿಬಾಲದ ಕೊಬ್ಬು. ಆತ್‌ಬಾಶಿಯಲ್ಲಿ ಉಪ್ಪು ಕಾಣದೆ ಬೆಳೆದ ಮೈ ಯಾವುದಿದೆ? ಚರ್ಮ ಗಟ್ಟಿಯಾಗುತ್ತದೆ, ಬೆವರು ನಾರುವುದಿಲ್ಲ, ಹುಣ್ಣು ಬರುವುದಿಲ್ಲ. ಡಾಕ್ಟರ್ ಬೇಡ ಅಂದಿದ್ದಾಳೆ ಎಂದೆ. "ಡಾಕ್ಟರ್‌ಗೂ ಅವರಮ್ಮ ಉಪ್ಪು ಹಾಕಿರ್ತಾಳೆ ಕಣೇ. ಅದಕ್ಕೇ ಅವಳು ಡಾಕ್ಟರ್ ಆಗೋಷ್ಟು ಗಟ್ಟಿಯಾಗಿರೋದು" ಅಂದಳು.

ನಕ್ಕೆ. ಆದರೆ ಅವಳ ಮಾತನ್ನು ತಳ್ಳಿಹಾಕಲಿಲ್ಲ. ನಾನು ವಿಜ್ಞಾನ ಓದಿದವಳು. ಕೆಟ್ಟ ದೃಷ್ಟಿ, ಧೂಪ ಯಾವುದನ್ನೂ ನಂಬುವುದಿಲ್ಲ. ಉಪ್ಪು ಹಾಗಲ್ಲ. ಉಪ್ಪು ಹಾಕಿದ ಮಾಂಸ ಕೆಡುವುದಿಲ್ಲ, ಇದಕ್ಕೆ ನಂಬಿಕೆ ಬೇಕಿಲ್ಲ. ಎರ್ಮೆಕ್‌ಗೆ ನಾನೇ ಉಪ್ಪು ಹಾಕಿದ್ದೆ. ಅವನು ಈ ಚಳಿಯಲ್ಲೂ ಕೋಟಿನ ಗುಂಡಿ ಬಿಚ್ಚಿಕೊಂಡು ಕುರಿಯ ಹಿಂದೆ ಹೋಗುತ್ತಾನೆ.

ಜನವರಿ ೧೩, ಸೋಮವಾರ

ಮೈನಸ್ ಇಪ್ಪತ್ತಾರು.

ಮುಲಾಮು ಯಾವುದು ಎಂಬುದು ಈಗ ನಮ್ಮ ಮನೆಯ ದೊಡ್ಡ ಪ್ರಶ್ನೆ. ಡಾಕ್ಟರ್ ಸಾದಾ ವ್ಯಾಸಲೀನ್ ಅಂದಳು. ಅಷ್ಟೇ ಸಾಕೆ ಎಂದು ಯಾರಿಗೂ ಸಮಾಧಾನವಿಲ್ಲ. ಬೆಗಾಯಿಮ್‌ಳ ಅಕ್ಕ ಬಿಷ್ಕೆಕ್‌ನಿಂದ ಗುಲಾಬಿ ಡಬ್ಬಿಯೊಂದನ್ನು ಕಳಿಸಿದ್ದಾಳೆ. ಮುಚ್ಚಳದ ಮೇಲೆ ಬಿಳೀ ಕೂಸು ನಗುತ್ತದೆ. ಎರ್ಮೆಕ್ ಔಷಧಿ ಅಂಗಡಿಯಿಂದ ಬಾಟಲಿಯಲ್ಲಿ ಸುರಿಯುವ ಲೋಷನ್ ತಂದ. ಬೂಬೂಶ್ ಬಾಲದ ಕೊಬ್ಬನ್ನು ತಾನೇ ಕಾಯಿಸಿ ಸೋಸಿ ಕೊಟ್ಟಳು.

ಗೊತ್ತಿಲ್ಲದ್ದನ್ನು ಅಳೆಯಬೇಕು. ಅಳೆಯಲು ಮಗುವಿನ ಮೈ ಏಕೆ, ನನ್ನ ಮೊಣಕಾಲ ಕೆಳಗೆ ಎಂಥ ಮರುಭೂಮಿ ಇದೆ. ಪೆನ್ನಿನಿಂದ ಪಟ್ಟೆ ಎಳೆದುಕೊಂಡು ಒಂದೊಂದಕ್ಕೆ ಒಂದೊಂದನ್ನು ಹಚ್ಚಿ ಒಲೆಯ ಮುಂದೆ ಕೂತೆ. ಎರ್ಮೆಕ್ ಒಳಗೆ ಬಂದವನು ನನ್ನ ಕಾಲು ನೋಡಿ, "ಅಮ್ಮಾ, ಕಾಲಿನ ಮೇಲೆ ಹೊಲ ಪಾಲು ಮಾಡ್ಕೊಂಡಿದ್ದೀಯಲ್ಲ, ನನ್ನ ಪಾಲು ಯಾವುದು?" ಅಂದ. ಮಗು ಹುಟ್ಟಿದ ಮೇಲೆ ಅವನು ತಮಾಷೆ ಮಾಡಿದ್ದು ಇದೇ ಮೊದಲು. ಇನ್ನೂ ಹತ್ತು ಪಟ್ಟೆ ಎಳೆಯೋಣ ಎನ್ನಿಸಿತು.

ಸಂಜೆಯ ಫಲಿತಾಂಶ ಹೀಗಿದೆ. ಬಾಟಲಿಯ ಲೋಷನ್ ಮಾಯ, ಹಚ್ಚಿದ ಗುರುತೂ ಇಲ್ಲ. ಗುಲಾಬಿ ಡಬ್ಬಿಯ ಪಟ್ಟೆ ಕೆಂಪಗಾಗಿ ತುರಿಸುತ್ತಿದೆ, ಪರಿಮಳ ಮಾತ್ರ ಹೋಗಿಲ್ಲ. ಕೊಬ್ಬು ಚೆನ್ನಾಗಿ ನಿಂತಿದೆ, ಆದರೆ ನಾನು ಪಲಾವಿನ ಹಾಗೆ ನಾರುತ್ತಿದ್ದೇನೆ, ನಾಯಿ ಹಿಂದೆಯೇ ಬರುತ್ತಿದೆ. ವ್ಯಾಸಲೀನ್ ಅಂಟಂಟು, ಪೆದ್ದು ಪೆದ್ದಾಗಿ ಬೆಳಿಗ್ಗೆ ಹಚ್ಚಿದಲ್ಲೇ ಕೂತಿದೆ. ಬೆರಳಲ್ಲಿ ಉಳಿದದ್ದನ್ನು ಅಂಗೈಗೆ ಒರೆಸಿಕೊಂಡೆ. ದಂಡ ಮಾಡುವುದೇಕೆ.

ಜನವರಿ ೧೬, ಗುರುವಾರ

ಇವತ್ತು ಒಂದು ಸಂಗತಿ ಕಂಡೆ. ಹವೆ ಆಮೇಲೆ ಬರೆಯುತ್ತೇನೆ.

ನಿನ್ನೆ ರಾತ್ರಿ ಎಡಗಾಲನ್ನು ಬಿಸಿನೀರಲ್ಲಿ ನೆನೆಸಿ ಚೆನ್ನಾಗಿ ಒರೆಸಿ, ಒಣಗಿದ ಮೇಲೆ ವ್ಯಾಸಲೀನ್ ಹಚ್ಚಿದೆ. ಬಲಗಾಲನ್ನು ನೆನೆಸಿ, ಟವೆಲ್ಲಿನಿಂದ ಒತ್ತಿ ಬಿಟ್ಟು, ಇನ್ನೂ ತೇವ ಇರುವಾಗಲೇ ಹಚ್ಚಿದೆ. ಡಬ್ಬಿ ಒಂದೇ, ಕಾಲು ಒಬ್ಬಳದೇ. ಬೆಳಿಗ್ಗೆ ಎಡಗಾಲು ಜಿಡ್ಡು ಸವರಿದ ಹಲಗೆ. ಬಲಗಾಲು ಮಾತ್ರ ಕಾಲು. ಒತ್ತಿದರೆ ತಗ್ಗಿ ಮೇಲೆ ಬರುತ್ತದೆ. ಅದು ನನ್ನದು ಎಂದು ನಂಬಲು ಆಗಲಿಲ್ಲ.

ಹಾಗಾದರೆ ಜಿಡ್ಡು ನೀರನ್ನು ಕೊಡುವುದಿಲ್ಲ. ಇರುವ ನೀರಿಗೆ ಬಾಗಿಲು ಹಾಕುತ್ತದೆ, ಅಷ್ಟೇ. ನೀರು ಹೊರಟುಹೋದ ಮೇಲೆ ಬಾಗಿಲು ಹಾಕಿ ಏನು ಬಂತು. ಗಾಳಿಗೆ ಎಷ್ಟು ನೀರು ಏರುತ್ತದೆ ಎಂದು ಜನ್ಮವೆಲ್ಲ ಅಳೆದೆ. ಅದು ಏರುವುದು ನದಿಯಿಂದ, ಹಿಮದಿಂದ ಎಂದುಕೊಂಡಿದ್ದೆ. ನನ್ನ ಮೈಯಿಂದಲೂ ಏರುತ್ತಿತ್ತು. ಠಾಣೆಯ ಒಲೆಯ ಮುಂದೆ ಕೂತಿದ್ದ ಅಷ್ಟು ವರ್ಷವೂ ಏರುತ್ತಿತ್ತು. ಎಲ್ಲರ ಮೈಮೇಲೂ ಕಾಣದ ಒಂದು ಬಾಗಿಲಿದೆ, ಅದನ್ನು ಯಾರೂ ಹಾಕಿಕೊಟ್ಟಿಲ್ಲ, ಅದು ತಾನಾಗಿ ಹಾಕಿಕೊಂಡಿದೆ. ಎಂಥ ಕೆಲಸ ಇದು. ಡಾಕ್ಟರ್‌ಗೆ ಫೋನ್ ಮಾಡಿ ಹೇಳಿದೆ. ನೀರು ಆರುವ ಮುನ್ನ ಹಚ್ಚಬೇಕು ಎಂದು ಬೆಗಾಯಿಮ್‌ಗೆ ನಿನ್ನೆಯೇ ತೋರಿಸಿದ್ದೇನೆ ಅಂದಳು. ಇರಲಿ. ನನಗೆ ಇವತ್ತು ಗೊತ್ತಾಯಿತು.

ಮೈನಸ್ ಇಪ್ಪತ್ತೊಂಬತ್ತು.

ಜನವರಿ ೨೦, ಸೋಮವಾರ

ಪೊರೆ ಕಳಚುತ್ತಿದೆ. ಗಾಜಿನ ಈಚೆ ನಿಂತು ನೋಡಿದೆ.

ಕೆನ್ನೆಯ ಮೇಲಿನ ತುಂಡು ಅಂಚಿನಲ್ಲಿ ಎದ್ದಿತ್ತು. ನರ್ಸ್ ಎಣ್ಣೆ ಸವರಿದಳು, ಎಳೆಯಲಿಲ್ಲ. ಮಗು ಬಾಯಿ ಆಡಿಸಿತು, ಅಷ್ಟಕ್ಕೇ ಅದು ಜಾರಿ ದಿಂಬಿನ ಮೇಲೆ ಬಿತ್ತು. ಅದರ ಹಿಂದೆ ಒಂದು ಕೆನ್ನೆ ಇತ್ತು. ಕೆಂಪು, ಎಳೆ, ನಿಜವಾದ ಕೆನ್ನೆ. ಕಣ್ಣಿನ ಬಿಗಿ ಸಡಿಲವಾಗಿದೆ. ಮೊದಲ ಸಲ ರೆಪ್ಪೆ ಮುಚ್ಚಿ, ತೆರೆದು, ನನ್ನ ಕಡೆಗೆ ನೋಡಿದಳು. ಪರ್ವತಗಳ ಮೇಲೆ ನಾನು ಕಂಡ ಬೆಳಗುಗಳಿಗೆ ಲೆಕ್ಕವಿಲ್ಲ. ಇದರ ಮುಂದೆ ಅವು ಏನೂ ಅಲ್ಲ. ಬೆಗಾಯಿಮ್ ನನ್ನ ತೋಳು ಹಿಡಿದುಕೊಂಡಿದ್ದಳು. ಇಬ್ಬರೂ ಅತ್ತೆವು.

ಜನವರಿ ೨೫, ಶನಿವಾರ

ನಾಜಿಕ್ ಮನೆಗೆ ಬಂದಳು.

ಒಲೆಯ ಮೇಲೆ ದಿನವಿಡೀ ಕೆಟಲ್. ಗೋಡೆಯಿಂದ ಗೋಡೆಗೆ ಹಗ್ಗ, ಅದರ ಮೇಲೆ ಒದ್ದೆ ಹೊದಿಕೆಗಳು. ಕಿಟಕಿಯ ಒಳಬದಿಯಲ್ಲಿ ಮಂಜಿನ ಹೂವು. ಮನೆಯೊಳಗೆ ಮೋಡ ಕಟ್ಟಿದೆ, ಇನ್ನು ಮಳೆಯೊಂದು ಬಾಕಿ ಎಂದು ಎರ್ಮೆಕ್ ತಲೆ ತಗ್ಗಿಸಿಕೊಂಡು ಓಡಾಡುತ್ತಾನೆ. ನನ್ನ ಕೆಟ್ಟುಹೋದ ತೇವಮಾಪಕ ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತಿದೆ. ಬೇಕಾದ ಹೊತ್ತಿಗೆ ಇಲ್ಲ.

ಹುಟ್ಟಿದ ಕೂಸಿಗೆ ಮೊದಲು ತೊಡಿಸುವ ನಾಯಿ ಅಂಗಿಯನ್ನು ನಾನೇ ಹೊಲಿದೆ. ಹಿರಿಯರು ತೊಟ್ಟು ಹಳತಾದ ಬಟ್ಟೆಯಿಂದಲೇ ಅದನ್ನು ಮಾಡಬೇಕು, ಹೊಲಿಗೆ ಹೊರಗಿರಬೇಕು. ನಲವತ್ತು ತುಂಬಿದ ಮೇಲೆ ಅದನ್ನು ನಾಯಿಯ ಕೊರಳಿಗೆ ಕಟ್ಟುತ್ತೇವೆ, ಕಂಟಕವೆಲ್ಲ ಅದರ ಜೊತೆ ಹೋಗಲಿ ಎಂದು. ನನ್ನ ಹಳೆಯ ಹತ್ತಿ ನಿಲುವಂಗಿಯನ್ನು ಕತ್ತರಿಸಿದೆ. ಹೊಲಿಗೆ ಯಾಕೆ ಹೊರಗೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಎಳೆ ಮೈಗೆ ಒತ್ತಬಾರದು ಎಂದು. ಹಳೆಯ ಹೆಂಗಸರಿಗೆ ಎಲ್ಲ ಗೊತ್ತಿತ್ತು.

ಹಚ್ಚುವುದು ಬೆಗಾಯಿಮ್‌ಳ ಕೆಲಸ. ನನ್ನ ಕೈ ಒರಟು, ನಾನು ಡಬ್ಬಿ ಹಿಡಿಯುವವಳು. ಅವಳು ಸ್ನಾನ ಮಾಡಿಸಿ, ಒತ್ತಿ ಒರೆಸಿ, ಹಣೆಯಿಂದ ಶುರು ಮಾಡಿ ಬೆರಳ ಸಂದಿಯವರೆಗೆ ಬರುತ್ತಾಳೆ. ಅಷ್ಟರಲ್ಲಿ ಹಣೆ ಒಣಗಿರುತ್ತದೆ. ಮತ್ತೆ ಮೊದಲಿಂದ.

ಜನವರಿ ೨೯, ಬುಧವಾರ

ಮೈನಸ್ ಮೂವತ್ತಮೂರು. ಈ ಚಳಿಗಾಲದ ಅತಿ ಕಡಿಮೆ.

ಎಷ್ಟು ಹಚ್ಚಿದರೂ ಸಾಲದು. ಮಂಡಿಯ ಹಿಂದೆ, ಕಂಕುಳಲ್ಲಿ ಬಿರುಕು ಬಿಟ್ಟು ರಕ್ತ ಜಿನುಗುತ್ತಿದೆ. ಎತ್ತಿಕೊಂಡರೆ ಬೆಗಾಯಿಮ್‌ಳ ಕಪ್ಪು ಸ್ವೆಟರಿನ ಮೇಲೆ ಹೊಟ್ಟು ಹಿಮದಂತೆ ಉದುರುತ್ತದೆ. ಅವಳು ಅದನ್ನು ಕೊಡವುವುದಿಲ್ಲ. ನೋಡುತ್ತಾ ಕೂರುತ್ತಾಳೆ.

ಬೂಬೂಶ್ ಬಂದು ನೋಡಿ ತಲೆ ಅಲ್ಲಾಡಿಸಿದಳು. ಉಪ್ಪು ಕಾಣದ ಮೈ ಬಿರಿಯದೆ ಇನ್ನೇನು ಅಂದಳು. ನಾಳೆ ಬೆಗಾಯಿಮ್ ಹೆರಿಗೆಯ ಹೊಲಿಗೆ ತೋರಿಸಲು ಕೆಳಗಿನ ಚಿಕಿತ್ಸಾಲಯಕ್ಕೆ ಹೋಗುತ್ತಾಳೆ. ಅರ್ಧ ದಿನ ಮಗು ನನ್ನ ಹತ್ತಿರ.

ಸಾರಿಗೆ ಹಾಕುವಷ್ಟು ಉಪ್ಪು ಸಾಕು. ಉಪ್ಪು ಔಷಧವಾದರೆ ಒಳ್ಳೆಯದು, ಆಗದಿದ್ದರೆ ನಷ್ಟವಿಲ್ಲ.

ಜನವರಿ ೩೦, ಗುರುವಾರ

ಮಾಡಿದೆ. ಅತ್ತಳು. ಯಾವ ಮಗು ತಾನೇ ಅಳುವುದಿಲ್ಲ? ನೀರು ತಣ್ಣಗಾದಾಗ ಇನ್ನೊಂದು ಹಿಡಿ ಹಾಕಿ ಮತ್ತೊಮ್ಮೆ ಅದ್ದಿದೆ, ಬಿರುಕು ಮುಚ್ಚಲಿ ಎಂದು. ಆಮೇಲೆ ಬಹಳ ಚೆನ್ನಾಗಿ ನಿದ್ದೆ ಮಾಡಿದಳು. ಬೆಗಾಯಿಮ್ ಬಂದಾಗಲೂ ನಿದ್ದೆಯಲ್ಲೇ ಇದ್ದಳು. ಇಷ್ಟು ಹೊತ್ತು ಅವಳು ಮಲಗಿದ್ದೇ ಇಲ್ಲ ಎಂದು ಸೊಸೆಗೆ ಆಶ್ಚರ್ಯ.

ಹೇಳಲಿಲ್ಲ. ಗುಣವಾದ ಮೇಲೆ ಹೇಳಿದರಾಯಿತು.

ಜನವರಿ ೩೧

ಮೊಲೆ ಹಿಡಿಯುತ್ತಿಲ್ಲ. ಮೈ ಸುಡುತ್ತಿದೆ. ನಾರಿನ್‌ಗೆ ಹೊರಟಿದ್ದೇವೆ.

ಫೆಬ್ರವರಿ ೨, ಭಾನುವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ರಕ್ತ ಪರೀಕ್ಷೆಯ ಚೀಟಿ ಹಿಡಿದುಕೊಂಡು ಡಾಕ್ಟರ್ ಬಂದಾಗ ನಾವು ಮೂವರೂ ಇದ್ದೆವು. ರಕ್ತದಲ್ಲಿ ಉಪ್ಪು ವಿಪರೀತ ಏರಿದೆ, ಬರೀ ನೀರು ಕಡಿಮೆಯಾಗಿ ಇಷ್ಟು ಏರುವುದಿಲ್ಲ ಅಂದಳು. ಕಾರಣ ತಿಳಿಯದೆ ಯಾವ ದ್ರವವನ್ನು ಎಷ್ಟು ಬೇಗ ಏರಿಸುವುದೆಂದು ನಿರ್ಧರಿಸಲಾಗದು, ತಪ್ಪಿದರೆ ಮಿದುಳಿಗೆ ಪೆಟ್ಟು. ಆಮೇಲೆ ಕೇಳಿದಳು. "ಯಾರಾದ್ರೂ ಮಗುಗೆ ಉಪ್ಪು ಹಾಕಿದ್ರಾ?"

ಬೆಗಾಯಿಮ್ ತಕ್ಷಣ, "ಇಲ್ಲ. ನಮ್ಮನೇಲಿ ಯಾರೂ ಹಾಗೆ ಮಾಡಲ್ಲ" ಅಂದಳು. ನನ್ನ ಮೇಲೆ ಭರವಸೆಯಿಂದ ಅಂದಳು.

ನಾನು ಹಾಕಿದೆ ಎಂದೆ. ಎರಡು ಸಲ ಎಂದೆ. ಎಷ್ಟು ಎಂದು ಕೇಳಿದರೆ ಅಂಗೈ ಚಾಚಿ ತೋರಿಸಿದೆ. ಡಾಕ್ಟರ್ ಬಯ್ಯಲಿಲ್ಲ. ಚೀಟಿಯ ಮೇಲೆ ಏನೋ ಬರೆದು ಓಡಿದಳು.

ಬೆಗಾಯಿಮ್ ನನ್ನ ಎದುರಿಗೆ ಬಂದು ನಿಂತಳು. ದನಿ ಏರಿಸಲಿಲ್ಲ. "ಅತ್ತೆ, ಇನ್ಮೇಲೆ ನನ್ನ ಮಗಳನ್ನ ಮುಟ್ಟಬೇಡಿ" ಅಂದಳು.

ಸರಿ ಎಂದೆ.

ಚರ್ಮ ಎಂದರೆ ಗಟ್ಟಿ ಮಾಡಬೇಕಾದ ತೊಗಲು ಎಂದುಕೊಂಡಿದ್ದೆ. ಅವಳ ಚರ್ಮದ ಬಾಗಿಲು ಎರಡೂ ಕಡೆಗೆ ತೆರೆದೇ ಇದೆ. ನೀರು ಹೊರಗೆ ಹೋದ ದಾರಿಯಲ್ಲೇ ನನ್ನ ಉಪ್ಪು ಒಳಗೆ ಹೋಯಿತು. ಇದನ್ನು ನಾನೇ ನನ್ನ ಕಾಲಿನ ಮೇಲೆ ಅಳೆದಿದ್ದೆ. ಅಳೆದೂ ಕಾಣಲಿಲ್ಲ.

ಫೆಬ್ರವರಿ ೪, ಮಂಗಳವಾರ

ಹಾಲು ಕುಡಿದಳು. ಎರ್ಮೆಕ್ ಕಿಟಕಿಯ ಒಳಗಿನಿಂದ ಕೈಸನ್ನೆ ಮಾಡಿ ತಿಳಿಸಿದ. ನಾನು ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದೆ. ಹಿಮದ ಮೇಲೆ ಕೂತುಬಿಟ್ಟೆ. ದಾರಿಹೋಕರು ಬಿದ್ದೆನೆಂದು ಎಬ್ಬಿಸಲು ಬಂದರು.

ಫೆಬ್ರವರಿ ೮, ಶನಿವಾರ

ನಿನ್ನೆ ಮನೆಗೆ ಬಂದರು. ಡಾಕ್ಟರ್ ಹೇಳಿದ ಪ್ರಕಾರ ಮಿದುಳಿಗೆ ಏನೂ ಆಗಿಲ್ಲ. ಈ ಸಾಲನ್ನು ಬರೆದು ಪೆನ್ನು ಕೆಳಗಿಟ್ಟು, ಮತ್ತೆ ಓದಿಕೊಂಡೆ.

ನಾನು ಕೆಟಲ್ ನೋಡಿಕೊಳ್ಳುತ್ತೇನೆ, ಹೊದಿಕೆ ಹಿಂಡಿ ಹಾಕುತ್ತೇನೆ, ಬಟ್ಟೆ ಕುದಿಸುತ್ತೇನೆ. ಮುಟ್ಟುವುದಿಲ್ಲ. ಬೆಗಾಯಿಮ್ ಚಹಾ ಕೊಡುತ್ತಾಳೆ, ಬಟ್ಟಲನ್ನು ಹಿರಿಯರಿಗೆ ಕೊಡುವಂತೆ ಎರಡು ಕೈಯಿಂದಲೇ ಕೊಡುತ್ತಾಳೆ, ಮಾತಿಲ್ಲ. ಸ್ನಾನದ ಹೊತ್ತಿಗೆ ನಾನು ಪರದೆಯ ಈಚೆ ಕೂತು ನೀರಿನ ಸದ್ದು ಕೇಳುತ್ತೇನೆ. ಸದ್ದು ನಿಂತ ಕೂಡಲೇ ನನ್ನ ಕೈಗೂ ನಾನು ವ್ಯಾಸಲೀನ್ ಹಚ್ಚಿಕೊಳ್ಳುತ್ತೇನೆ. ಯಾಕೆ ಎಂದು ಕೇಳಿದರೆ ಹೇಳಲಾರೆ, ಅಭ್ಯಾಸವಾಗಿಬಿಟ್ಟಿದೆ.

ಕೋಣೆಯ ತೇವ ಸಾಲುತ್ತದೋ ಇಲ್ಲವೋ ತಿಳಿಯುತ್ತಿಲ್ಲ. ಯಂತ್ರ ಸರಿ ಮಾಡಲಾಗದೇ ಎಂದು ಎರ್ಮೆಕ್ ಕೇಳಿದ. ಅದರೊಳಗೆ ಇರುವುದು ಹೆಂಗಸಿನ ಕೂದಲು ಎಂದು ಹೇಳಿದೆ. ತೇವಕ್ಕೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ, ಆ ಎಳೆತಕ್ಕೆ ಮುಳ್ಳು ಆಡುತ್ತದೆ. ಹಳೆಯದು ಯಾರೋ ರಷ್ಯನ್ ಹೆಂಗಸಿನದ್ದು. ಹೊಂಗೂದಲೇ ಶ್ರೇಷ್ಠ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಪಾಪ, ಅಷ್ಟು ವರ್ಷ ಎಳೆದು ಕಳೆದ ಶರತ್ಕಾಲದಲ್ಲಿ ತುಂಡಾಯಿತು. ನಿನ್ನದೇ ಹಾಕು ಅಂದ. ನನ್ನದು ನರೆತು ಪುಡಿಯಾಗುತ್ತದೆ, ಉದ್ದವೂ ಇಲ್ಲ. ಎಣ್ಣೆ ಕಾಣದ, ಚೆನ್ನಾಗಿ ತೊಳೆದ ಉದ್ದ ಕೂದಲು ಬೇಕು ಎಂದೆ.

ಪರದೆಯ ಆಚೆ ಬೆಗಾಯಿಮ್ ಹಾಡುತ್ತಿದ್ದವಳು ಒಂದು ಕ್ಷಣ ನಿಲ್ಲಿಸಿದಳು, ಮತ್ತೆ ಮುಂದುವರಿಸಿದಳು.

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆ ನನ್ನ ಮೇಜಿನ ಮೇಲೆ, ಬಿಚ್ಚಿ ನೋಡಲೆಂದು ಇಳಿಸಿಟ್ಟಿದ್ದ ತೇವಮಾಪಕದ ಪಕ್ಕ, ಒಂದು ಬಿಳಿ ಬಟ್ಟೆ. ಮಡಿಕೆ ಬಿಚ್ಚಿದರೆ ಕಪ್ಪು ಕೂದಲಿನ ಸಣ್ಣ ಎಳೆಗಟ್ಟು, ತೊಳೆದು ಒಣಗಿಸಿದ್ದು. ಬೆಗಾಯಿಮ್ ತನ್ನ ಜಡೆಯ ಬುಡದಿಂದ ಕತ್ತರಿಸಿದ್ದಾಳೆ.

ಕೈ ತೊಳೆದು ಒರೆಸಿಕೊಂಡು ಬಂದು ಮುಟ್ಟಿದೆ.

ಆಮೇಲೆ ಸ್ಕ್ರೂ ಬಿಚ್ಚಿ, ಎಳೆ ಕಟ್ಟಿ, ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮುಳ್ಳು ನಿಧಾನವಾಗಿ ಮೇಲೇರಿ ನೂರರ ಹತ್ತಿರ ನಿಂತಿತು, ಒದ್ದೆಯಲ್ಲಿ ಅಷ್ಟೇ ತೋರಿಸಬೇಕು, ಅಲ್ಲಿಗೆ ಸರಿ ಹೊಂದಿಸಿ ಗೋಡೆಗೆ ನೇತುಹಾಕಿದೆ. ಅರ್ಧ ಗಂಟೆಯಲ್ಲಿ ಕೋಣೆಯ ತೇವ ತೋರಿಸಿತು. ಸಾಲದು. ಇನ್ನೊಂದು ಕೆಟಲ್ ಇಟ್ಟೆ. ಸಂಜೆಗೆ ಮುಳ್ಳು ಏರಿತು. ತಾಯಿಯ ಕೂದಲು ಮಗಳ ಕೋಣೆ ಕಾಯುತ್ತಿದೆ. ಎಷ್ಟೋ ಯಂತ್ರಗಳ ಮುಂದೆ ನಿಂತವಳು ನಾನು, ಯಾವ ಯಂತ್ರಕ್ಕೂ ತಲೆ ಬಾಗಿಸಿದವಳಲ್ಲ. ಇವತ್ತು ಬಾಗಿಸಿದೆ.

ಬೆಗಾಯಿಮ್ ಹಾದು ಹೋಗುವಾಗ ನಿಂತು ನೋಡಿದಳು. "ಕಪ್ಪು ಕೂದಲು ನಡೆಯತ್ತಾ ಅತ್ತೆ?"

"ರಷ್ಯನ್ನಳದ್ದಕ್ಕಿಂತ ಚುರುಕಾಗಿದೆ" ಎಂದೆ.

ಫೆಬ್ರವರಿ ೧೪, ಶುಕ್ರವಾರ

ನಾಳೆಗೆ ಮಗುವಿಗೆ ನಲವತ್ತು ದಿನ. ನಲವತ್ತು ಚಮಚ ನೀರಿನ ಸ್ನಾನ. ಊರಿನ ಹೆಂಗಸರು ಒಬ್ಬೊಬ್ಬರೂ ಚಮಚದಲ್ಲಿ ನೀರು ಹಾಕಿ ಹರಸಬೇಕು. ಬೆಗಾಯಿಮ್‌ಗೆ ಯಾರನ್ನೂ ಕರೆಯುವ ಮನಸ್ಸಿಲ್ಲ. ಯಾರ ಸೆರಗಿನಲ್ಲಿ ಉಪ್ಪಿನ ಗಂಟು ಇರುತ್ತದೋ, ಹರಸುವ ನೆಪದಲ್ಲಿ ಒಂದು ಚಿಟಿಕೆ ಹಾಕಿಯಾರು ಎಂದು ಎರ್ಮೆಕ್ ಹತ್ತಿರ ಹೇಳುತ್ತಿದ್ದುದು ಕೇಳಿಸಿತು. ಆ ಭಯ ಕಲಿಸಿದವಳು ನಾನು.

ಕೋಟು ಹಾಕಿಕೊಂಡು ಹೊರಟೆ. ಮನೆ ಮನೆಗೂ ಹೋದೆ. ಬಾಗಿಲಲ್ಲೇ ನಿಂತು, ಮೊಮ್ಮಗಳಿಗೆ ನಾನು ಉಪ್ಪು ಹಾಕಿದೆ, ಅವಳು ಸಾಯುವುದರಲ್ಲಿದ್ದಳು, ನಾಳೆ ಬನ್ನಿ, ಬರೀ ಕೈಯಲ್ಲಿ ಬನ್ನಿ ಎಂದೆ. ಕೆಲವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಬೂಬೂಶ್‌ಳ ಮನೆ ಕೊನೆಗೆ. ಅವಳು ಪೂರ್ತಿ ಕೇಳಿ ಒಲೆಯ ಕಡೆ ತಿರುಗಿ ಕೂತಳು. ಬೆನ್ನು ಮಾತ್ರ ಕಾಣುತ್ತಿತ್ತು. "ಹೇಳಿದವಳು ನಾನು. ಊರಿಗೆಲ್ಲ ನಿನ್ನ ಹೆಸರು ಮಾತ್ರ ಯಾಕೆ ಹೇಳ್ಕೊಂಡು ಬಂದೆ?" ಅಂದಳು. ಹಾಕಿದ ಕೈ ನನ್ನದು ಎಂದೆ.

ವಾಪಸು ಬರುವಾಗ ಗಾಳಿಗೆ ಸ್ಕಾರ್ಫ್ ಬಿಚ್ಚಿಕೊಂಡಿತು. ಕಟ್ಟಿಕೊಂಡಾಗ ಎಲ್ಲೂ ಸಿಕ್ಕಲಿಲ್ಲ, ಎಳೆ ಬಿಡಲಿಲ್ಲ. ರೇಷ್ಮೆ ಹಳತಾದಂತೆ ಪಳಗುತ್ತದೆ ಅಂತ ಕಾಣುತ್ತದೆ.

ಫೆಬ್ರವರಿ ೧೫, ಶನಿವಾರ

ಎಲ್ಲರೂ ಬಂದರು. ಬಾಗಿಲಲ್ಲಿ ಬೆಗಾಯಿಮ್ ಬಿಸಿನೀರಿನ ಜಗ್ ಹಿಡಿದು ನಿಂತಿದ್ದಳು. ಪರಿಮಳ, ಕ್ರೀಮು ಏನಿದ್ದರೂ ತೊಳೆದೇ ಒಳಗೆ. ಹೆಂಗಸರು ನಗುತ್ತಾ ತೋಳು ಮಡಿಸಿ ಕೈ ಒಡ್ಡಿದರು. ಕೋಣೆಯೊಳಗೆ ಅಷ್ಟು ಜನರ ಉಸಿರು, ಎರಡು ಕೆಟಲ್‌ನ ಹಬೆ. ಗೋಡೆಯ ಮುಳ್ಳು ಏರುತ್ತಲೇ ಇತ್ತು.

ಮರದ ಚಮಚ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಬೋಗುಣಿಗೆ ನೀರು ಹಾಕಿ ಹರಸಿದರು. ಬೂಬೂಶ್‌ಳ ಸರದಿ ಬಂದಾಗ ಚಮಚ ವಾಲಿ ಅರ್ಧ ಚೆಲ್ಲಿತು. ಖಾಲಿ ನೀರೇ ತಾನೆ, ಇನ್ನೊಂದು ಸಲ ಹಾಕಲೇ ಎಂದು ಕೇಳಿದಳು. ಹಾಕಿ ಅಜ್ಜಿ ಅಂದಳು ಬೆಗಾಯಿಮ್. ನಾನು ಬಾಗಿಲ ಹತ್ತಿರ ಒದ್ದೆ ಹೊದಿಕೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಹೊರಗೆ ಗಲಾಟೆ. ನಾಯಿ ಅಂಗಿಯನ್ನು ಎರ್ಮೆಕ್ ನಾಯಿಯ ಕೊರಳಿಗೆ ಕಟ್ಟಿದ್ದೇ ತಡ, ಜಿಡ್ಡಿನ ಆಸೆಗೆ ಅದು ಅಂಗಿಯನ್ನು ಹರಿದು ಅರ್ಧ ನುಂಗಿತ್ತು. ಕಂಟಕವೆಲ್ಲ ನಾಯಿಯ ಹೊಟ್ಟೆಗೇ ಹೋಯಿತು ಎಂದು ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬೆಗಾಯಿಮ್ ಕೂಡ.

ನಾಜಿಕ್‌ಳನ್ನು ಬೆಗಾಯಿಮ್ ನೀರಿನಿಂದ ಎತ್ತಿ ಟವೆಲ್ಲಿನಲ್ಲಿ ಒತ್ತಿದಳು. ಹಬೆಯಲ್ಲಿ ಮಗುವಿನ ಮೈ ಎಳೆ ಕೆಂಪು, ಮೇಲೆಲ್ಲ ಸಣ್ಣ ಸಣ್ಣ ಚೌಕದ ಗೆರೆ, ಗೆರೆಗೆರೆಯಲ್ಲೂ ನೀರು. ನಗು ತಾನಾಗಿ ಇಳಿಯಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು, ಯಾರ ಮುಖದಲ್ಲೂ ಅಸಹ್ಯವಿರಲಿಲ್ಲ.

ಆಗ ಬೆಗಾಯಿಮ್ ಡಬ್ಬಿಯನ್ನು ನನ್ನ ಕಡೆ ಚಾಚಿದಳು. "ಹಚ್ಚಿ ಅತ್ತೆ."

ನನಗೆ ಅರ್ಥವಾಗಲಿಲ್ಲ. ಎಲ್ಲರ ಮುಂದೆ ನಾಟಕ ಬೇಡ ಎಂದು, ನನ್ನ ಕೈ ಒರಟು, ನೀನೇ ಹಚ್ಚು ಎಂದೆ.

ಅವಳು ನನ್ನ ಬಲಗೈ ಹಿಡಿದು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಕೆಳಕ್ಕೆ ಎಳೆದಳು. ಎಲ್ಲೂ ತಡೆಯಲಿಲ್ಲ. "ಎಲ್ಲಿದೆ ಒರಟು? ಬೇಗ ಅತ್ತೆ, ನೀರು ಆರ್ತಾ ಇದೆ" ಅಂದಳು.

ಹಣೆಯಿಂದ ಶುರು ಮಾಡಿದೆ. ನಾನು ಹಣೆಯಿಂದ, ಅವಳು ಪಾದದಿಂದ, ಹೊಟ್ಟೆಯ ಹತ್ತಿರ ನಮ್ಮ ಕೈಗಳು ಸೇರಿದವು. ಇಬ್ಬರು ಹಚ್ಚಿದರೆ ಎಲ್ಲೂ ಒಣಗುವುದಿಲ್ಲ. ಕೈ ಕೆಳಗೆ ಆ ಚರ್ಮ ಬೆಚ್ಚಗಿತ್ತು, ಉಸಿರಿಗೆ ಏರಿ ಇಳಿಯುತ್ತಿತ್ತು. ಇಷ್ಟು ತೆಳುವಾದದ್ದರ ಒಳಗೆ ಒಂದು ಇಡೀ ಜೀವ ನಿಂತಿದೆ, ಗುಡುಗುವ ಆಕಾಶವೂ ನನ್ನನ್ನು ಇಷ್ಟು ಸಣ್ಣವಳನ್ನಾಗಿ ಮಾಡಿರಲಿಲ್ಲ. ಮಂಡಿಯ ಹಿಂದೆ ಬಿರುಕು ಕೂಡಿಕೊಂಡಿತ್ತು. ಅಲ್ಲಿ ಬೆರಳ ತುದಿಯಿಂದಷ್ಟೇ ಸವರಿದೆ. ನಾಜಿಕ್ ಅಳಲಿಲ್ಲ, ನನ್ನ ಹೆಬ್ಬೆರಳನ್ನು ಹಿಡಿದುಕೊಂಡಳು.

ಹೊರಗೆ ಎಷ್ಟು ಚಳಿಯಿತ್ತೋ, ಇವತ್ತು ನೋಡಲಿಲ್ಲ.